ಮಾದರಿ ಮನೆಗಳು

ಜೂನ್ ೩, ಮಂಗಳವಾರ

ಬೆಳಿಗ್ಗೆ ಸೀರೆ ಉಟ್ಟು, ಪಿನ್ ಚುಚ್ಚಿ, ಬ್ಯಾಗು ಹೆಗಲಿಗೇರಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಇವರು ಪೇಪರಿನಿಂದ ತಲೆ ಎತ್ತಿ ಎಲ್ಲಿಗೆ ಎಂದು ಕೇಳಿದರು. ಆಗ ನೆನಪಾಯಿತು, ಶನಿವಾರವೇ ಕಾಲೇಜಿನವರು ನನಗೆ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಬಿಟ್ಟಿದ್ದಾರೆ. ತರಕಾರಿಗೆ ಅಂದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಯಾರೂ ಸೊಪ್ಪು ತರಲು ಹೋಗುವುದಿಲ್ಲ. ಇವರು ಮೀಸೆಯಲ್ಲೇ ನಕ್ಕರು. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಈ ಡೈರಿ ಬೀಳ್ಕೊಡುಗೆಯಲ್ಲಿ ಬಂದದ್ದು. ವರ್ಷದ ನಡುವೆ ಡೈರಿ ಉಡುಗೊರೆ ಕೊಡುವ ಬುದ್ಧಿ ನಮ್ಮ ಕಾಮರ್ಸ್ ವಿಭಾಗಕ್ಕೆ ಮಾತ್ರ ಬರಲು ಸಾಧ್ಯ. ಐದು ತಿಂಗಳ ಖಾಲಿ ಹಾಳೆ ದಾಟಿಸಿ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟ ಬಾಯಿ ಇದು, ಸುಮ್ಮನಿರು ಅಂದರೆ ಇರುತ್ತದೆಯೇ? ಮಧ್ಯಾಹ್ನದೊಳಗೆ ಬೀರು ಎರಡು ಸಲ ಜೋಡಿಸಿದೆ. ಎರಡನೇ ಸಲ ಮೊದಲಿಗಿಂತ ಕೆಟ್ಟದಾಯಿತು.

ಜೂನ್ ೫, ಗುರುವಾರ

ಮನೆಯಲ್ಲಿ ಕೂತರೆ ಕಾಲು ಕೇಳುವುದಿಲ್ಲ. ಲೇಔಟಿನೊಳಗೇ ಸುತ್ತು ಹಾಕುತ್ತಿದ್ದೇನೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಹಿಂದಿನ ಗೇಟಿನವರೆಗೆ ನಡೆದದ್ದು ಇವತ್ತೇ ಮೊದಲು. ಮುಂದಿನ ಕಮಾನು ದೊಡ್ಡಬಳ್ಳಾಪುರ ರಸ್ತೆಗೆ, ನಾವೆಲ್ಲ ಕಾರು ಸ್ಕೂಟರಿನಲ್ಲಿ ಅಲ್ಲಿಂದಲೇ ಹೋಗಿ ಬರುವವರು. ಹಿಂದಿನ ಕಬ್ಬಿಣದ ಗೇಟು ಹಳೇ ಊರಿಗೆ. ಊರಿನವರು ಬಸ್ಸಿಗೆ, ಶಾಲೆಗೆ, ಪಾರ್ಕಿನ ಪಕ್ಕದ ಟ್ರಸ್ಟಿನ ಕ್ಲಿನಿಕ್ಕಿಗೆ ಈ ಗೇಟಿನಿಂದ ಒಳಗೆ ಬಂದು ಲೇಔಟನ್ನು ದಾಟುತ್ತಾರೆ. ಇಲ್ಲವಾದರೆ ದೊಡ್ಡ ರಸ್ತೆಗೆ ಹೋಗಿ, ಫುಟ್‌ಪಾತಿಲ್ಲದ ಕಡೆ ಲಾರಿಗಳ ಪಕ್ಕದಲ್ಲೇ ಸುತ್ತಿಕೊಂಡು ಕಮಾನಿಗೆ ಬರಬೇಕು.

ಗೇಟಿನಡಿ ಉಬ್ಬಿದ ಕಂಬಿಯ ಹತ್ತಿರ ಬುರ್ಖಾ ತೊಟ್ಟ ಒಬ್ಬ ಹೆಂಗಸು ವೀಲ್‌ಚೇರ್ ತಳ್ಳಲು ಒದ್ದಾಡುತ್ತಿದ್ದರು. ಕುರ್ಚಿಯಲ್ಲಿ ದಪ್ಪನೆಯ ಮನುಷ್ಯ, ಗಂಡನಿರಬೇಕು. ನಾನು ಹೋಗಿ ಮುಂದಿನ ಚಕ್ರ ಹಿಡಿದು ಎತ್ತಿದೆ. ಆ ಹೆಂಗಸು ಥ್ಯಾಂಕ್ಸ್ ಹೇಳುವುದು ಬಿಟ್ಟು, ಮುಂದೆ ಎತ್ತಬೇಡಿ, ಹಿಂದಿನ ಕೊಳವೆ ತುಳಿದು ಹಿಡಿ ಒತ್ತಬೇಕು ಎಂದು ನನಗೇ ಪಾಠ ಮಾಡಿದರು. ಸಹಾಯಕ್ಕೆ ಹೋದರೆ ಇದು ಗತಿ.

ಸಂಜೆ ಇವರು ಅಸೋಸಿಯೇಷನ್ ಮೀಟಿಂಗ್ ಮುಗಿಸಿ ಬಂದರು. ಇವರೇ ಸೆಕ್ರೆಟರಿ. ಮೂರು ತಿಂಗಳಲ್ಲಿ ಎರಡು ಸೈಕಲ್ಲು, ಯಾರದೋ ತುಳಸಿಕಟ್ಟೆಯ ಹಿತ್ತಾಳೆ ದೀಪ ಹೋಗಿವೆಯಂತೆ. ಹಿಂದಿನ ಗೇಟಿಗೆ ಪೂರ್ತಿ ಬೀಗ ಹಾಕಬೇಕೆಂದು ಕೆಲವರ ಒತ್ತಾಯ. ಸುಮ್ಮನೆ ಹಾಕಿದರೆ ಗಲಾಟೆ, ಒಂದು ಸರ್ವೆ ಮಾಡಿಸೋಣ ಎಂದು ತೀರ್ಮಾನವಾಗಿದೆ. "ನೀನೇ ಮಾಡಿಕೊಡು ರಾಧಾ. ನೀನು ಮಾಡಿದ್ರೆ ಯಾರೂ ತುಟಿ ಪಿಟಕ್ ಅನ್ನಲ್ಲ" ಅಂದರು. ನನಗೆಲ್ಲಿ ಪುರುಸೊತ್ತು ಅಂದೆ. ಹಾಗನ್ನುವಾಗಲೇ ಪೆನ್ನು ಹುಡುಕುತ್ತಿದ್ದೆ ಅನ್ನುವುದು ಬೇರೆ ಮಾತು.

ಜೂನ್ ೯, ಸೋಮವಾರ

ಇವರು ಬರೆದ ಪ್ರಶ್ನಾವಳಿ ಓದಿ ತಲೆ ಕೆಟ್ಟಿತು. ಮೊದಲ ಪ್ರಶ್ನೆಯೇ, ಹೊರಗಿನವರಿಂದ ನಿಮಗಾಗುತ್ತಿರುವ ತೊಂದರೆಗಳು ಯಾವುವು? ಇದು ಪ್ರಶ್ನೆಯಲ್ಲ, ತೀರ್ಪು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಗೇಟಿಗೆ ಬೀಗ ಬೇಕೇ, ಬೇಡವೇ ಎಂದು ಒಂದೇ ಸಾಲು ಬರೆದೆ. ಇನ್ನೊಂದು ತಮಾಷೆ: ಕಂಪ್ಯೂಟರಿನಲ್ಲಿ ಮನೆ ನಂಬರುಗಳನ್ನೆಲ್ಲ ಹಾಕಿ ಅದರ ಸರಾಸರಿಯನ್ನೂ ತೆಗೆಸಿದ್ದಾರೆ. ಮನೆ ನಂಬರು ನೋಡಲು ಸಂಖ್ಯೆ, ಕೆಲಸದಲ್ಲಿ ಬರೀ ಹೆಸರು, ಅದನ್ನು ಕೂಡಿ ಭಾಗಿಸುವುದು ಅಂದರೆ ಸುಬ್ಬಮ್ಮ ವೆಂಕಮ್ಮರ ಸರಾಸರಿ ತೆಗೆದ ಹಾಗೆ ಎಂದು ಹೇಳಿದೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ಹೇಗೆ ದುಡಿದರೋ.

ಬಕ್ರೀದ್ ಮುಗಿಸಿ ವೀಲ್‌ಚೇರಿನವರು ಮತ್ತೆ ಬಂದರು. ಈ ಸಲ ಹಿಂದಿನಿಂದ ತುಳಿದು ಒತ್ತಿದೆ, ಸಲೀಸಾಗಿ ದಾಟಿತು. ಹೆಸರು ಅಕ್ಬರಿ ಅಂತೆ. ಗಂಡ ರಹಮತುಲ್ಲಾ, ಟೆಂಪೋ ಓಡಿಸುತ್ತಿದ್ದವರು. ಮಾರ್ಚಿನಲ್ಲಿ ಸ್ಟ್ರೋಕ್ ಆಗಿ ಬಲಗೈ ಬಲಗಾಲು ನಿಂತಿವೆ. ಮಾತೂ ಅಷ್ಟಕ್ಕಷ್ಟೆ. ಮೊದಲ ಆರು ತಿಂಗಳು ಬಿಡದೆ ವ್ಯಾಯಾಮ ಮಾಡಿಸಿದರೆ ನಡೆಯಬಹುದು, ತಪ್ಪಿಸಿದರೆ ಕಾಲು ಹಾಗೇ ಕೂತುಬಿಡುತ್ತದೆ ಎಂದು ಕ್ಲಿನಿಕ್ಕಿನ ಫಿಸಿಯೋ ಹುಡುಗಿ ಹೇಳಿದ್ದಾಳೆ.

ನಾನು ಏನು ಕೆಲಸದಲ್ಲಿದ್ದೆ ಎಂದು ಕೇಳಿದರು, ಹೇಳಿದೆ. ಆಕೆಗೆ ಒಂದು ಸಂಶಯವಿತ್ತು. ಫಿಸಿಯೋ ಹುಡುಗಿ ಕಾಲಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಗ್ರೇಡ್ ಕೊಡುತ್ತಾಳಂತೆ, ಈಗ ಎರಡು. ಒಂದರಿಂದ ಎರಡಕ್ಕೆ ಒಂದು ತಿಂಗಳಾಯಿತು, ಹಾಗಾದರೆ ಮೂರಕ್ಕೆ ಇನ್ನೊಂದು ತಿಂಗಳೇ? ನಾನು ಪಾಠಕ್ಕೆ ಇಳಿದೆ. ಇದು ದರ್ಜೆ, ಅಳತೆಯಲ್ಲ, ಫಸ್ಟ್ ಕ್ಲಾಸ್ ಸೆಕೆಂಡ್ ಕ್ಲಾಸ್ ಇದ್ದ ಹಾಗೆ. ಯಾವುದು ಮೇಲೆ ಯಾವುದು ಕೆಳಗೆ ಅನ್ನಬಹುದೇ ಹೊರತು, ನಡುವೆ ಎಷ್ಟು ದೂರ ಎಂದು ಹೇಳಲು ಬರುವುದಿಲ್ಲ ಅಂದೆ.

"ಅಂದ್ರೆ ಇವರು ಯಾವಾಗ ನಡೀತಾರೆ ಅಂತ ನಿಮ್ಮ ಲೆಕ್ಕಕ್ಕೂ ಗೊತ್ತಿಲ್ಲ, ಟೀಚರಮ್ಮ" ಅಂದರು.

ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಕುರ್ಚಿಯಲ್ಲಿದ್ದವರು ಅರ್ಧ ಬಾಯಲ್ಲಿ ನಕ್ಕರು.

ಜೂನ್ ೧೦, ಮಂಗಳವಾರ

ಗೇಟಿನ ಹತ್ತಿರ ಹೋದೆ. ಅವರು ಬಂದಿರಲಿಲ್ಲ. ಕ್ಲಿನಿಕ್ಕಿಗೆ ಇವತ್ತು ರಜೆ ಎಂದು ಸೆಕ್ಯುರಿಟಿ ಮುನಿಕೃಷ್ಣಪ್ಪ ಹೇಳಿದ. ತಿರುಗಿ ಬಂದು ತೊಳೆದ ಡಬ್ಬಿಗಳನ್ನೇ ಮತ್ತೆ ತೊಳೆದೆ.

ಜೂನ್ ೧೫, ಭಾನುವಾರ

ಸರ್ವೆ ಮುಗಿಯಿತು. ಲೇಔಟಿನ ಮಹಿಳಾ ಮಂಡಳಿಯವರೇ ಮನೆ ಮನೆಗೆ ಹೋಗಿ ಬಂದರು. ಮುಂದಾಳು ದ್ರೌಪದಮ್ಮ. ಅವರಿಗೆ ಸೂಚನೆಯೆಲ್ಲ ಕನ್ನಡದಲ್ಲೇ ಬರೆದುಕೊಟ್ಟಿದ್ದೆ. ಸ್ಯಾಂಪಲ್ ಅನ್ನುವ ಪದ ಎಲ್ಲೂ ಬಳಸಲಿಲ್ಲ, "ಪ್ರತಿ ಅಡ್ಡರಸ್ತೆಯಿಂದ ಐದು ಮಾದರಿ ಮನೆಗಳನ್ನು ಆರಿಸಿ" ಎಂದು ಅಚ್ಚಗನ್ನಡದಲ್ಲಿ ಬರೆದೆ. ಹೇಗೆ ಆರಿಸಬೇಕೆಂದು ಮೌಖಿಕವಾಗಿ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು, ಮರೆತೆ.

ನಲವತ್ತು ಮನೆಯಲ್ಲಿ ಮೂವತ್ತೊಂಬತ್ತು ಮನೆಯವರು ಬೀಗ ಬೇಕು ಅಂದಿದ್ದಾರೆ. ಇವರು ಕಾಫಿ ಲೋಟ ಹಿಡಿದುಕೊಂಡೇ ಪ್ರೆಸಿಡೆಂಟರಿಗೆ ಫೋನ್ ಮಾಡಿದರು. ನನಗೆ ಸಮಾಧಾನವಿಲ್ಲ. ನನ್ನ ಅನುಭವದಲ್ಲಿ ನಲವತ್ತು ಜನ ಕನ್ನಡಿಗರು ಒಂದೇ ಮಾತು ಒಪ್ಪುವುದು ಊಟಕ್ಕೆ ಕರೆದಾಗ ಮಾತ್ರ.

ಜೂನ್ ೧೬, ಸೋಮವಾರ

ಬೆಳಿಗ್ಗೆಯೇ ದ್ರೌಪದಮ್ಮನವರ ಮನೆಗೆ ಹೋಗಿ ಯಾವ ಯಾವ ಮನೆ ಎಂದು ಕೇಳಿದೆ. ಎಲ್ಲ ಸ್ವಂತ ಮನೆಯವರು, ಎಲ್ಲರ ಬಾಗಿಲಲ್ಲೂ ರಂಗೋಲಿ. ಬಾಡಿಗೆಯವರು ಒಬ್ಬರೂ ಇಲ್ಲ. ಮೂರನೇ ಅಡ್ಡರಸ್ತೆಯ ಬಿಹಾರದ ಹುಡುಗರಿಲ್ಲ, ಒಂಟಿ ಹೆಂಗಸರ ಪಿಜಿ ಇಲ್ಲ, ದಿನಾ ಗಂಡ ಹೆಂಡತಿ ಪಾತ್ರೆ ಎಸೆದಾಡುವ ಮೂಲೆಮನೆ ಇಲ್ಲ. ಬರೀ ರಂಗೋಲಿ ಮನೆಯವರನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದೆ.

"ನೀವೇ ಬರ್ದಿದ್ರಲ್ಲ ಮೇಡಂ, ಮಾದರಿ ಮನೆ ಅಂತ" ಅಂದರು ದ್ರೌಪದಮ್ಮ. "ಬೇರೆಯವ್ರು ನೋಡಿ ಕಲೀಬೇಕು ಅನ್ನೋ ಅಂಥ ಮನೇನೇ ಹುಡುಕಿ ಹುಡುಕಿ ಹೋಗಿದೀವಿ. ನಿಮ್ಮ ಮನೇನೂ ಹಾಕಿದೀವಿ."

ಅಲ್ಲಿಯೇ ಸೋಫಾ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ತಪ್ಪು ಅವರದ್ದಲ್ಲ. ಮಾದರಿ ಶಾಲೆ, ಮಾದರಿ ಗ್ರಾಮ, ಮಾದರಿ ಸೊಸೆ ಎಂದು ಕೇಳಿ ಬೆಳೆದವರಿಗೆ ಮಾದರಿ ಅಂದರೆ ಮೇಲ್ಪಂಕ್ತಿಯೇ. ಸುಮ್ಮನೆ ಕೈಹಾಕಿದಾಗ ಸಿಕ್ಕಿದ ಒಂದು ಹಿಡಿ ಅನ್ನುವ ಅರ್ಥ ನನ್ನ ಪುಸ್ತಕದಲ್ಲಿ ಮಾತ್ರ ಇರುವುದು. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ನಗಲಿಲ್ಲ, ರಿಸಲ್ಟನ್ನು ಲೇಔಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ ಆಗಿದೆ ಅಂದರು. ತೆಗೆಯಿರಿ ಅಂದೆ. ಇವರ ಮುಖ ಹಾಗಲಕಾಯಿ ತಿಂದವರ ಹಾಗಾಯಿತು.

ಜೂನ್ ೨೨, ಭಾನುವಾರ

ಮತ್ತೆ ಸರ್ವೆ. ಈ ಸಲ ಎಲ್ಲ ಮನೆ ನಂಬರುಗಳ ಚೀಟಿ ಬರೆದು, ಸ್ಟೀಲ್ ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಎತ್ತಿಸಿದೆ. ಚೀಟಿಯಲ್ಲಿ ಬಂದ ಮನೆ ಬಿಟ್ಟು ಪಕ್ಕದ್ದಕ್ಕೆ ಹೋಗುವ ಹಾಗಿಲ್ಲ, ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಬೇಕು ಎಂದು ಕಟ್ಟಪ್ಪಣೆ. ಪಾತ್ರೆ ಎಸೆಯುವ ಮನೆಯೂ ಬಂತು. ಗಂಡ ಬೀಗ ಬೇಕು ಅಂದನಂತೆ, ಹೆಂಡತಿ ಬೇಡ ಅಂದಳಂತೆ, ಅದರ ಮೇಲೇ ಇನ್ನೊಂದು ಸುತ್ತು ಜಗಳವಾಯಿತಂತೆ.

ಫಲಿತಾಂಶ: ನಲವತ್ತರಲ್ಲಿ ಇಪ್ಪತ್ತೇಳು ಬೀಗದ ಕಡೆ. ಕಡಿಮೆಯಾಯಿತು, ಆದರೂ ಬಹುಮತ. ವಿಧಾನದಲ್ಲಿ ಈ ಸಲ ಯಾರೂ ಹುಳುಕು ಹುಡುಕುವ ಹಾಗಿಲ್ಲ. ಇವರು ಖುಷಿಯಾಗಿ, ನಿನ್ನ ಸಮಾಧಾನಕ್ಕೂ ಆಯ್ತಲ್ಲ ಅಂದರು. ಆಯ್ತು ಅಂದೆ. ರಾತ್ರಿ ಸಾರಿಗೆ ಉಪ್ಪು ಹಾಕಿರಲಿಲ್ಲವಂತೆ, ನನಗೆ ಗೊತ್ತಾಗಲಿಲ್ಲ.

ಜೂನ್ ೨೫, ಬುಧವಾರ

ಗೇಟಿಗೆ ನೋಟಿಸು ಅಂಟಿಸಿದ್ದಾರೆ. ಜುಲೈ ಒಂದರಿಂದ ಬೀಗ, ಭಾನುವಾರದ ಮೀಟಿಂಗಿನಲ್ಲಿ ಅಂತಿಮ ತೀರ್ಮಾನ. ಅಕ್ಬರಿಯವರು ಕುರ್ಚಿ ನಿಲ್ಲಿಸಿ ಓದುತ್ತಿದ್ದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಕೆಳಗೆ ಸರ್ವೆ ನಡೆಸಿದವರು ಎಂದು ನನ್ನ ಹೆಸರು, ಪಕ್ಕದಲ್ಲಿ ಡಿಗ್ರಿ.

ನನಗೆ ಓಡಿಹೋಗಬೇಕು ಅನ್ನಿಸಿತು. ಯಾಕೆ ಓಡಬೇಕು, ನಾನೇನು ಕದ್ದಿದ್ದೇನೆಯೇ? ನಿಂತೆ. ಅವರು ಸಿಟ್ಟು ಮಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ಯಾರನ್ನು ಕೇಳಿದಿರಿ ಎಂದು ಕೇಳಿದರು. ಲೇಔಟಿನವರನ್ನು ಅಂದೆ. ಚೀಟಿ ಎತ್ತಿದ್ದು, ಡಬ್ಬಿ ಕುಲುಕಿದ್ದು ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಅವರೆಲ್ಲ ಈ ಗೇಟಲ್ಲಿ ಹೋಗ್ತಾರಾ?" ಅಂದರು.

ಇಷ್ಟು ದಿನದಿಂದ ಇಲ್ಲಿ ನಿಲ್ಲುತ್ತಿದ್ದೇನೆ, ಲೇಔಟಿನವರು ಒಬ್ಬರೂ ಈ ಗೇಟು ದಾಟಿದ್ದು ಕಂಡಿಲ್ಲ. ಮೊದಲ ಪಾಠದಲ್ಲೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಮಾದರಿ ಎತ್ತುವ ಮೊದಲು ಸಮಷ್ಟಿ ಯಾವುದು ಎಂದು ನಿರ್ಧರಿಸಿ, ನೀವು ಯಾರ ಬಗ್ಗೆ ತಿಳಿಯಬೇಕೋ ಅವರೆಲ್ಲ ಅದರಲ್ಲಿ ಇರಬೇಕು ಎಂದು. ತಪ್ಪಿದ ಮಕ್ಕಳಿಗೆ ಸೊನ್ನೆ ಕೊಟ್ಟಿದ್ದೇನೆ. ನನ್ನ ಡಬ್ಬಿಯಲ್ಲಿ ಗೇಟು ದಾಟುವ ಒಬ್ಬರ ಚೀಟಿಯೂ ಇರಲಿಲ್ಲ. ಇಲ್ಲದ ಚೀಟಿ ಎಷ್ಟು ಕುಲುಕಿದರೆ ತಾನೇ ಬಂದೀತು.

ರಾತ್ರಿ ಊಟಕ್ಕೆ ಕೂತಾಗ ಇವರ ಜೊತೆ ಜಗಳ. ಗೇಟು ಬಳಸುವವರನ್ನೂ ಕೇಳಬೇಕು ಅಂದೆ. ಅವರು ಅಸೋಸಿಯೇಷನ್ ಸದಸ್ಯರಲ್ಲ ಅಂದರು. ಸೈಕಲ್ ಹೋದಾಗ ಫೋನ್ ಬರುವುದು ನನಗೆ, ನಿನಗಲ್ಲ, ಅವರಲ್ಲಿ ಯಾರು ಕದ್ದರೋ ಯಾರಿಗೆ ಗೊತ್ತು ಎಂದೂ ಅಂದರು. ನಮ್ಮಲ್ಲಿ ಯಾರು ಕದ್ದರೋ ಅದೂ ಯಾರಿಗೂ ಗೊತ್ತಿಲ್ಲ ಅಂದೆ. ಇವರು ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳದೆ ಎದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಇಂಥದ್ದು ನೋಡಿರಲಿಲ್ಲ.

ಜೂನ್ ೨೯, ಭಾನುವಾರ

ಮೀಟಿಂಗ್ ಪಾರ್ಕಿನ ಶೆಡ್ಡಿನಲ್ಲಿ. ನನ್ನ ಸರದಿ ಬಂದಾಗ, ಈ ಸರ್ವೆಯಿಂದ ಗೇಟಿನ ತೀರ್ಮಾನ ಮಾಡಬೇಡಿ, ಬಸ್ಸಿನ ಬಗ್ಗೆ ಕಾರಿನವರನ್ನು ಕೇಳಿ ಬಂದ ಲೆಕ್ಕ ಇದು ಅಂದೆ. ಗುಸುಗುಸು ಶುರುವಾಯಿತು. ಮೊದಲನೆಯದನ್ನು ನೀವೇ ತೆಗೆಸಿದಿರಿ, ಈಗ ಎರಡನೆಯದೂ ಬೇಡ ಅಂತೀರಿ, ನಿಮಗೆ ಬೇಕಾದ ಉತ್ತರ ಬರುವವರೆಗೂ ಚೀಟಿ ಎತ್ತಿಸುತ್ತೀರಾ ಎಂದು ಯಾರೋ ಹಿಂದಿನಿಂದ ಕೇಳಿದರು. ಇವರು ತಲೆ ತಗ್ಗಿಸಿ ಮಿನಿಟ್ಸ್ ಬರೆಯುತ್ತಿದ್ದರು. ನಾನು ಸುಮ್ಮನಾಗಲಿಲ್ಲ. ವೀಲ್‌ಚೇರಿನವರ ಕಥೆ ಹೇಳಿದೆ. ಮಾರ್ಚಿನಿಂದ ನಿಂತ ಕಾಲು, ಆರು ತಿಂಗಳ ಗಡುವು, ಲಾರಿಯ ರಸ್ತೆ.

ಆಮೇಲೆ ದ್ರೌಪದಮ್ಮನವರು ಎದ್ದು, ಪಾಪ, ಅವರಿಬ್ಬರು ಒಳ್ಳೆ ಜನ, ನಾನೂ ನೋಡಿದೀನಿ, ಅವರಿಗೆ ಒಂದು ಪಾಸ್ ಕೊಟ್ಟುಬಿಡೋಣ, ಅವರು ಬಂದಾಗ ಮಾತ್ರ ಮುನಿಕೃಷ್ಣಪ್ಪ ಬೀಗ ತೆಗೀಲಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಮೊದಲ ಸಲ ತಲೆ ಎತ್ತಿ ನನ್ನ ಕಡೆ ನೋಡಿದರು. ಬೀಗವೂ ಆಯಿತು, ಅಕ್ಬರಿಯವರಿಗೆ ದಾರಿಯೂ ಆಯಿತು. ಇಷ್ಟಾದರೂ ಗೆದ್ದೆನಲ್ಲ. ಮನೆಗೆ ಬಂದು ಶ್ಯಾವಿಗೆ ಪಾಯಸ ಮಾಡಿದೆ, ಇವರು ಎರಡು ಸಲ ಹಾಕಿಸಿಕೊಂಡರು.

ಜೂನ್ ೩೦, ಸೋಮವಾರ

ಪಾಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ದಾರ ಪೋಣಿಸಿ ನಾನೇ ತೆಗೆದುಕೊಂಡು ಹೋದೆ. ಅವರ ಮನೆ ಗೇಟಿನಾಚೆ ನಾಲ್ಕನೆಯದು, ಹಸಿರು ಬಾಗಿಲು. ಅಕ್ಬರಿ ಟೀ ಕೊಟ್ಟರು, ಖಾರಾ ಬಿಸ್ಕತ್ತು ಕೊಟ್ಟರು. ಪಾಸ್ ತಿರುಗಿಸಿ ತಿರುಗಿಸಿ ನೋಡಿ ಟೀಪಾಯಿಯ ಮೇಲಿಟ್ಟರು. ನಮಗೊಬ್ಬರಿಗೇನಾ ಎಂದು ಕೇಳಿದರು. ಹೌದು, ನಿಮ್ಮ ಬಗ್ಗೆ ಎಲ್ಲರಿಗೂ ಒಳ್ಳೆ ಅಭಿಪ್ರಾಯವಿದೆ ಎಂದು ಹೆಮ್ಮೆಯಿಂದ ಹೇಳಿದೆ.

"ಬೇಡ ಟೀಚರಮ್ಮ. ಬೀಗ ತೆಗ್ಸಿ ನಾನು ಕುರ್ಚಿ ತಳ್ಕೊಂಡು ಒಳಗೆ ಹೋಗ್ತೀನಿ, ನನ್ನ ಹಿಂದೆ ಸ್ಕೂಲ್ ಮಕ್ಕಳು, ಕೆಲ್ಸಕ್ಕೆ ಹೋಗೋ ಹೆಂಗಸರು ನಿಂತಿರ್ತಾರೆ. ಮತ್ತೆ ಬೀಗ ಹಾಕ್ತಾರೆ. ಅವರೆಲ್ಲ ಕೆಟ್ಟವರು, ನಾವಿಬ್ರು ಒಳ್ಳೆಯವರು ಅಂತ ದಿನಾ ಬೆಳಿಗ್ಗೆ ಎಲ್ಲರ ಮುಂದೆ ತೋರಿಸ್ಬೇಕಾ?"

ನಿಮ್ಮ ಯಜಮಾನರ ಕಾಲಿನ ಪ್ರಶ್ನೆ ಇದು ಅಂದೆ. ಹೌದು, ಅವರದೇ ಕಾಲು, ಅವರನ್ನೇ ಕೇಳಿ ಅಂದರು. ರಹಮತುಲ್ಲಾ ಎಡಗೈ ಚಾಚಿ ಪಾಸನ್ನು ನನ್ನ ಕಡೆಗೆ ಸರಿಸಿದರು. ಮೆಲ್ಲಗೆ, ಮರ್ಯಾದೆಯಿಂದಲೇ.

ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಎಷ್ಟು ಕಷ್ಟಪಟ್ಟು ಕೊಡಿಸಿದ್ದು. ಕೊಟ್ಟ ಕುದುರೆ ಏರಲಾರದವಳು ಅಂದರೆ ಇವಳೇ. ಹಟಮಾರಿ ಹೆಂಗಸು. ಹೋಗಲಿ, ಲಾರಿಗಳ ಮಧ್ಯೆ ಎರಡು ದಿನ ತಳ್ಳಿದರೆ ತಾನೇ ಬಂದು ಕೇಳುತ್ತಾಳೆ.

ಜುಲೈ ೧, ಮಂಗಳವಾರ

ಬೀಗ ಬಿತ್ತು. ಕ್ಲಿನಿಕ್ಕಿಗೆ ರಜೆ. ನೋಡಲು ಹೋದೆ. ಆಚೆ ಕಡೆ ಯೂನಿಫಾರ್ಮಿನ ಇಬ್ಬರು ಹುಡುಗಿಯರು ಕಂಬಿ ಹಿಡಿದು ನಿಂತಿದ್ದರು, ಬಸ್ಸು ತಪ್ಪುತ್ತದೆ ಎಂದು ಮುನಿಕೃಷ್ಣಪ್ಪನನ್ನು ಗೋಗರೆಯುತ್ತಿದ್ದರು. ಅವನು ಬೇರೆಡೆ ನೋಡುತ್ತಿದ್ದ. ಅವನ ಮನೆಯೂ ಆಚೆಗೇ. ಶಿಫ್ಟ್ ಮುಗಿದ ಮೇಲೆ ಅವನೂ ಸುತ್ತಿಕೊಂಡೇ ಹೋಗಬೇಕು.

ಇಡೀ ದಿನ ಏನೂ ಮಾಡಲಿಲ್ಲ. ಒಂದು ಕಡೆ ಕೂರಲೂ ಆಗಲಿಲ್ಲ.

ಜುಲೈ ೨, ಬುಧವಾರ

ಅವಳಿಗೇ ಬುದ್ಧಿ ಬರಲಿ, ಎಷ್ಟು ಕಷ್ಟ ಎಂದು ಎದುರಿಗೇ ತೋರಿಸುತ್ತೇನೆ ಎಂದುಕೊಂಡು ಬೆಳಿಗ್ಗೆ ಕಮಾನಿನಿಂದ ಹೊರಟೆ. ದೊಡ್ಡ ರಸ್ತೆಯಲ್ಲಿ ಹತ್ತು ಹೆಜ್ಜೆ ಇಡುವುದರೊಳಗೆ ಒಂದು ಟಿಪ್ಪರ್ ಸೆರಗು ಹಾರಿಸಿಕೊಂಡು ಹೋಯಿತು. ಹಳೇ ಊರಿಗೆ ತಲುಪಿದಾಗ ಅಕ್ಬರಿ ಆಗಲೇ ಗಂಡನನ್ನು ಕೂರಿಸಿ ಬಾಗಿಲು ಹಾಕುತ್ತಿದ್ದಳು. ನನ್ನನ್ನು ನೋಡಿ ಕುರ್ಚಿಯ ಒಂದು ಹಿಡಿ ಬಿಟ್ಟುಕೊಟ್ಟಳು.

ಇಬ್ಬರೂ ತಳ್ಳಿದೆವು. ಮೋರಿಯ ಹತ್ತಿರ ಚಪ್ಪಡಿ ಎದ್ದಿದೆ, ಅಲ್ಲಿ ಕುರ್ಚಿ ರಸ್ತೆಗೆ ಇಳಿಸಲೇಬೇಕು. ಇಳಿಸಿದರೆ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ. ಬೆಳಗಿನ ಸಾಲು ಸಾಲು ಗಾಡಿಗಳು ನಮ್ಮ ಹಿಂದೆ ನಿಂತವು. ಒಬ್ಬ ಕಾರಿನವನು ಗಾಜು ಇಳಿಸಿ ಬೈದ. ನಾನೂ ಬೈದೆ, ತರಗತಿಯಲ್ಲಿ ಎಂದೂ ಆಡದ ಮಾತು ಬಂತು. ಅಕ್ಬರಿ ಬುರ್ಖಾ ಒಳಗೆ ನಗುತ್ತಿದ್ದಳು. ರಹಮತುಲ್ಲಾ ಮಾತ್ರ ಎಡಗೈಯಿಂದ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದರು, ಬೆರಳೆಲ್ಲ ಬಿಳಿಚಿಕೊಂಡಿತ್ತು. ಟೆಂಪೋ ಓಡಿಸಿದ ರಸ್ತೆ ಇದೇ.

ಕ್ಲಿನಿಕ್ಕಿಗೆ ಹೋಗುವಷ್ಟರಲ್ಲಿ ತಡವಾಗಿತ್ತು, ಅವರ ಹೊತ್ತು ಇನ್ನೊಬ್ಬರಿಗೆ ಹೋಗಿತ್ತು. ಫಿಸಿಯೋ ಹುಡುಗಿಗೆ ಬೇಸರ, ಆದರೆ ಆಕೆಯೇನು ಮಾಡುತ್ತಾಳೆ. ಅದೇ ದಾರಿಯಲ್ಲಿ ವಾಪಸ್ಸು ತಳ್ಳಿದೆವು. ಪಾಸಿನ ಮಾತು ಎತ್ತಬೇಕೆಂದು ಹೊರಟವಳು, ಮರೆತೇಬಿಟ್ಟೆ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಕೂಗಾಡಿದೆ. ಇವರು ಕೇಳಿಸಿಕೊಂಡು, "ಒಂದು ದಿನದ ಲೆಕ್ಕ ಲೆಕ್ಕ ಅಲ್ಲ ಅಂತ ನೀನೇ ಪಾಠ ಮಾಡ್ತಿದ್ದೆಯಲ್ಲ. ನಾಳೆ ನಾನು ಬಂದು ನೋಡ್ತೀನಿ" ಅಂದರು. ಅಣಕಿಸಿದರೋ ನಿಜವಾಗಿಯೇ ಅಂದರೋ, ಇಷ್ಟು ವರ್ಷವಾದರೂ ಆ ಮೀಸೆಯ ಮೇಲಿಂದ ಹೇಳಲು ಬರುವುದಿಲ್ಲ.

ನಾಳೆ ನಾವು ಬೇಗ ಹೊರಡಬೇಕು.

ಜುಲೈ ೩, ಗುರುವಾರ

ಇವರು ಬಂದರು. ಕ್ಯಾನ್ವಾಸ್ ಶೂ ಹಾಕಿ, ಟೋಪಿ ಇಟ್ಟು, ಇನ್‌ಸ್ಪೆಕ್ಷನ್ನಿಗೆ ಹೊರಟ ಅಧಿಕಾರಿಯ ಹಾಗೆ. ಅಕ್ಬರಿಗೆ ನಮಸ್ಕಾರ ಹಾಕಿದರು, ಅವಳು ಸಲಾಂ ಅಂದಳು, ಅಲ್ಲಿಗೆ ಮಾತು ಮುಗಿಯಿತು. ಮೊದಲು ಹಿಂದೆ ಹಿಂದೆ ನಡೆದರು. ದೊಡ್ಡ ರಸ್ತೆ ಬಂದಾಗ ಪಕ್ಕಕ್ಕೆ ಬಂದರು. ಮೋರಿಯ ಹತ್ತಿರ ಮುಂದಿನ ಚಕ್ರ ಚಪ್ಪಡಿಯ ಸಂದಿಗೆ ಸಿಕ್ಕಿ ಕುರ್ಚಿ ರಸ್ತೆಯ ಕಡೆಗೇ ವಾಲಿತು. ನಾನು ಕಿರುಚಿದೆನಂತೆ. ಇವರು ಎರಡೂ ಕೈಯಲ್ಲಿ ರಹಮತುಲ್ಲಾರನ್ನು ತಬ್ಬಿ ಹಿಡಿದುಕೊಂಡರು. ಲಾರಿಯೊಂದು ಇವರ ಟೋಪಿ ಹಾರಿಸಿಕೊಂಡು ಹೋಯಿತು. ಅದು ಹೋದ ಮೇಲೂ ಇವರು ಹಿಡಿತ ಬಿಡಲಿಲ್ಲ. ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡುತ್ತ ಏದುಸಿರು ಬಿಡುತ್ತಿದ್ದರು. ಅಲ್ಲಿಂದ ಮುಂದೆ ಇವರು ನಮ್ಮ ಕೈಗೆ ಕುರ್ಚಿ ಕೊಡಲಿಲ್ಲ.

ಇವತ್ತು ಹೊತ್ತಿಗೆ ಸರಿಯಾಗಿ ತಲುಪಿದೆವು. ವ್ಯಾಯಾಮ ಆಯಿತು. ಗ್ರೇಡ್ ಎರಡೇ. ಮುಂದಿನ ವಾರ ನೋಡೋಣ ಎಂದಳು ಹುಡುಗಿ.

ವಾಪಸ್ಸು ಬಂದು ಅವರನ್ನು ಮನೆ ಮುಟ್ಟಿಸಿದೆವು. ಅಲ್ಲಿಂದ ನಮ್ಮ ಮನೆಗೆ ಗೇಟೇ ಹತ್ತಿರ, ಕಣ್ಣೆದುರಿಗೇ ಇದೆ. ಕಂಬಿಯ ಈಚೆ ಒಂದಷ್ಟು ಜನ ನಿಂತಿದ್ದರು, ತರಕಾರಿ ಬುಟ್ಟಿಯ ಹೆಂಗಸು, ಮೊನ್ನೆಯ ಹುಡುಗಿಯರು, ಕೈಗೆ ಪ್ಲಾಸ್ಟರ್ ಹಾಕಿದ ಒಬ್ಬ. ಇವರೂ ಹೋಗಿ ಅವರ ಪಕ್ಕ ನಿಂತರು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು, ಟೋಪಿಯಿಲ್ಲದೆ ಬೋಳುತಲೆ ಕೆಂಪಾಗಿತ್ತು. ಒಳಗಿನಿಂದ ಮುನಿಕೃಷ್ಣಪ್ಪ ಮೊದಲು ಗುರುತಿಸಲಿಲ್ಲ, ದಾರಿ ಇಲ್ಲ ಎಂದು ಕೈಯಾಡಿಸಿದ. ಆಮೇಲೆ ಗಾಬರಿಯಿಂದ ಬೀಗದ ಕೈ ಹುಡುಕಿಕೊಂಡು ಓಡಿಬಂದ.

"ಅಯ್ಯೋ ನೀವಾ ಸಾರ್, ಗೊತ್ತಾಗ್ನಿಲ್ಲ. ಬನ್ನಿ, ನಿಮಗೆ ತೆಗೀತೀನಿ. ನೀವ್ಯಾಕೆ ಇಂಗೆ ಬಿಸಿಲಾಗೆ ಸುತ್ತಾಕ್ಕೊಂಡು ಓಗ್ಬೇಕು."

ಪಕ್ಕದಲ್ಲಿ ನಿಂತವರೆಲ್ಲ ಇವರಿಗೆ ಜಾಗ ಬಿಟ್ಟು ಸರಿದರು. ಹುಡುಗಿಯರೂ ಸರಿದರು. ಇವರು ಅವರನ್ನು ನೋಡಿದರು. ತಿರುಗಿ ಹಸಿರು ಬಾಗಿಲಿನ ಕಡೆ ನೋಡಿದರು. ಅಕ್ಬರಿ ಹೊಸ್ತಿಲಲ್ಲೇ ನಿಂತಿದ್ದಳು. ಮುನಿಕೃಷ್ಣಪ್ಪ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿಯೂ ಆಗಿತ್ತು.

"ಹಾಕ್ಬಿಡು ಮುನಿಕೃಷ್ಣಪ್ಪ" ಅಂದರು ಇವರು. "ನಾವು ಸುತ್ತಿಕೊಂಡೇ ಬರ್ತೀವಿ."